ಅಜ್ಜಿ ರೂಮಿನ ಪಶ್ಚಿಮದ ಗೋಡೆ

ನಮ್ಮ ಮನೇಲಿ ಯಾರೂ "ನಾನು ಮನೆ ಕಟ್ಟಿಸ್ತಾ ಇದ್ದೀನಿ" ಅನ್ನಲ್ಲ. ಸಾಲ ಅಪ್ಪನ ಹೆಸರಲ್ಲಿದೆ, ಸೈಟು ಅಮ್ಮನ ಹೆಸರಲ್ಲಿದೆ. ಆದ್ರೂ ಕೇಳಿದವರಿಗೆಲ್ಲ ಹೇಳಿದ್ದು "ನಾವು ಬಾಶೆಟ್ಟಿಹಳ್ಳೀಲಿ ಮನೆ ಕಟ್ತಾ ಇದ್ದೀವಿ" ಅಂತಲೇ. ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ವರ್ಷಾನುಗಟ್ಟಲೆ 'ಮೈಸೆಲ್ಫ್' ಅಂತ ಪ್ರಬಂಧ ಬರೆದ ಕೈ ಇದು. ಆದರೂ ಮನೆ ವಿಷಯ ಬರೆಯೋಕೆ ಕೂತ್ರೆ 'ನಾವು' ಅಂತಲೇ ಬರುತ್ತೆ. ಹಾಗಾಗಿ ಈ ಬರಹದಲ್ಲಿ ತಪ್ಪು ಲೆಕ್ಕ ಹಾಕಿದವರು ಯಾರು ಅಂತ ಓದುಗರೇ ಊಹಿಸಿಕೊಳ್ಳಿ. ಒತ್ತಕ್ಷರ ತಪ್ಪಿದ್ದರೆ ಕನ್ನಡ ಸಂಘದ ಸಂಪಾದಕರು ತಿದ್ದಿರ್ತಾರೆ ಅಂತ ನಂಬಿದ್ದೀವಿ.

ಅದಕ್ಕೂ ಮುಂಚೆ ನಾವಿದ್ದದ್ದು ಇಂಡಸ್ಟ್ರಿಯಲ್ ಏರಿಯಾ ಪಕ್ಕದ ಬಾಡಿಗೆ ರೂಮಿನಲ್ಲಿ. ಒಂದೇ ಸಾಲಿನಲ್ಲಿ ಆರು ರೂಮು, ಮೇಲೆ ಸಿಮೆಂಟ್ ಶೀಟು. ಅಪ್ಪ, ಅಮ್ಮ ಇಬ್ಬರೂ ಫ್ಯಾಕ್ಟರಿಗೆ ಹೋಗೋರು, ಶಿಫ್ಟ್ ಬೇರೆ ಬೇರೆ. ಮನೇಲಿ ಇಡೀ ದಿನ ಇರೋದು ಅಜ್ಜಿ ಒಬ್ಬರೇ. ಅಜ್ಜಿಗೆ ಉಬ್ಬಸ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ 34 ಡಿಗ್ರಿ ಇದ್ದರೆ ಆ ಶೀಟಿನ ಕೆಳಗೆ 38 ದಾಟೋದು. ಆನ್‌ಲೈನ್‌ನಲ್ಲಿ ತರಿಸಿದ ಪುಟ್ಟ ಥರ್ಮಾಮೀಟರಲ್ಲಿ ನೋಡಿದ್ದೀವಿ. ಅಜ್ಜಿ ಆ ಹೊತ್ತಿಗೆ ಎದುರುಗಡೆಯ ಹೊಂಗೆ ಮರದ ಕೆಳಗೆ ಚಾಪೆ ಹಾಕ್ಕೊಂಡು ಕೂತಿರೋರು. "ಮನೆ ಅಂದ್ರೆ ರಾತ್ರಿಗೆ ಮಾತ್ರ ಕಣಮ್ಮ" ಅನ್ನೋರು.

ಸೈಟು 30ಕ್ಕೆ 40. ಪ್ಲಾನಿನಲ್ಲಿ ಅಜ್ಜಿ ರೂಮು ಬಂದದ್ದು ಪಶ್ಚಿಮಕ್ಕೆ. ಪೂರ್ವಕ್ಕೆ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರ ಗೂಡು. ವಾಸ್ತು ಎಲ್ಲರಿಗೂ ಜಾಗ ಹಂಚಿದ ಮೇಲೆ ಉಳಿದದ್ದೇ ಅದು. ಮಧ್ಯಾಹ್ನ ಎರಡರಿಂದ ಸಂಜೆ ಆರರ ತನಕ ಬಿಸಿಲು ನೇರವಾಗಿ ಬಡಿಯೋ ಗೋಡೆ.

ಮೇಸ್ತ್ರಿ ಮೊದಲ ದಿನವೇ ಹೇಳಿದ್ರು, "ಆರಿಂಚು ಸಾಲಿಡ್ ಬ್ಲಾಕ್ ಹಾಕ್ಬಿಡಣ ಅಣ್ಣ, ಈ ಏರಿಯಾದಲ್ಲಿ ಎಲ್ರೂ ಅದೇ ಹಾಕೋದು." ಅದು ನಿಜ. ದೊಡ್ಡಬಳ್ಳಾಪುರದ ರೋಡಲ್ಲಿ ಯಾವ ಹೊಸ ಲೇಔಟಿಗೆ ಹೋದ್ರೂ ಕಾಣೋದು ಬೂದಿ ಬಣ್ಣದ ಕಾಂಕ್ರೀಟ್ ಬ್ಲಾಕೇ. ಒಂದಡಿ ನಾಲ್ಕಿಂಚು ಉದ್ದ, ಎಂಟಿಂಚು ಎತ್ತರ, ತೂಕ 25 ಕೆಜಿ ಹತ್ತಿರ. ಬೇಗ ಸಿಗುತ್ತೆ, ಅಗ್ಗ, ಗಟ್ಟಿ. ಅಪ್ಪ ತಲೆಯಾಡಿಸಿದ್ರು.

ಆಗ ನಮ್ಮೊಳಗಿನ ಇಂಜಿನಿಯರ್ ಎದ್ದು ನಿಂತಿದ್ದು. ಮೊದಲ ವರ್ಷದ ಸಿವಿಲ್‌ನಲ್ಲಿ ಗೋಡೆ ಬಗ್ಗೆ ಹೆಚ್ಚೇನೂ ಕಲಿಸಿರಲಿಲ್ಲ. ಆದ್ರೆ ಪಿಯುಸಿ ಫಿಸಿಕ್ಸಲ್ಲಿ ಉಷ್ಣವಾಹಕತೆ ಇತ್ತಲ್ಲ, ಮಿಕ್ಕಿದ್ದು ಯೂಟ್ಯೂಬಲ್ಲಿ. ಗೋಡೆಗೆ ಯು-ವ್ಯಾಲ್ಯೂ ಅಂತ ಒಂದಿರುತ್ತೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಗೋಡೆ ದಾಟಿ ಎಷ್ಟು ವ್ಯಾಟ್ ಶಾಖ ಬರುತ್ತೆ ಅನ್ನೋದು. ಕಡಿಮೆ ಇದ್ದಷ್ಟೂ ಒಳ್ಳೇದು. ಎರಡೂ ಕಡೆ ಪ್ಲಾಸ್ಟರ್ ಸೇರಿಸಿ ನಾವು ಹಾಕಿದ ಲೆಕ್ಕದಲ್ಲಿ ಆರಿಂಚು ಸಾಲಿಡ್ ಬ್ಲಾಕಿಗೆ ಸುಮಾರು 3 ಬಂತು. ಒಂಬತ್ತಿಂಚು ಸುಟ್ಟ ಇಟ್ಟಿಗೆ ಗೋಡೆಗೆ 2. ಎಂಟಿಂಚು ಎಎಸಿ ಬ್ಲಾಕಿಗೆ 0.75.

ಎಎಸಿ ಅಂದ್ರೆ ಆ ಬಿಳೀ ಹಗುರ ಬ್ಲಾಕು. ಹಾರುಬೂದಿ, ಸಿಮೆಂಟು, ಸುಣ್ಣದ ಹಿಟ್ಟಿಗೆ ಚೂರು ಅಲ್ಯೂಮಿನಿಯಂ ಪುಡಿ ಹಾಕಿದ್ರೆ ಗ್ಯಾಸ್ ಎದ್ದು ಇಡ್ಲಿ ಹಿಟ್ಟಿನ ಥರ ಉಬ್ಬುತ್ತೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸ್ತಾರೆ, ಅದೂ ಇಡ್ಲಿ ಥರಾನೇ. 1920ರ ದಶಕದಲ್ಲಿ ಸ್ವೀಡನ್‌ನವರು ಕಂಡುಹಿಡಿದದ್ದು. ಒಳಗೆಲ್ಲ ಗಾಳಿಯ ಗುಳ್ಳೆ, ಅದಕ್ಕೇ ಶಾಖ ಬೇಗ ದಾಟಲ್ಲ. ಎರಡಡಿ ಉದ್ದದ ಬ್ಲಾಕನ್ನು ಅಮ್ಮನೇ ಎತ್ತಿ ನೋಡಿದ್ರು, ಹದಿನೈದು ಕೆಜಿಯೂ ಇಲ್ಲ.

ಅಜ್ಜಿ ರೂಮಿನ ಪಶ್ಚಿಮದ ಗೋಡೆ ಹತ್ತಡಿಗೆ ಹತ್ತಡಿ, ಅಂದ್ರೆ 9 ಚದರ ಮೀಟರ್. ಬಿಸಿಲು ಬಿದ್ದಾಗ ಹೊರಗೂ ಒಳಗೂ 15 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಂಡ್ರೆ ಸಾಲಿಡ್ ಬ್ಲಾಕಲ್ಲಿ 400 ವ್ಯಾಟ್ ಒಳಗೆ ಬರುತ್ತೆ, ಎಎಸಿಯಲ್ಲಿ 100. ಈ ಲೆಕ್ಕವನ್ನ ಕ್ಯಾಲೆಂಡರ್ ಹಾಳೆಯ ಹಿಂದೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ವಿ. ಚದರಡಿಗೆ ಖರ್ಚು ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗ್ತಿತ್ತು. ಅಪ್ಪ ಹಾಳೆ ಮುಂದೆ ಐದು ನಿಮಿಷ ನಿಂತು, "ಅಮ್ಮಂಗೆ ತಂಪಾಗಿರುತ್ತೆ ಅಂದ್ರೆ ಹಾಕ್ಸೋಣ ಬಿಡು" ಅಂದ್ರು. ಓದಿದ್ದು ಮನೆಗೆ ಉಪಯೋಗ ಆಯ್ತು ಅನ್ನೋ ಖುಷಿ ಅವತ್ತಿನಷ್ಟು ಯಾವತ್ತೂ ಆಗಿಲ್ಲ. ಯಾವ ಇಂಟರ್ನಲ್ಸ್ ಮಾರ್ಕ್ಸೂ ಅದಕ್ಕೆ ಸಮ ಇಲ್ಲ.

ಮೇಸ್ತ್ರಿ ಒಪ್ಪಲಿಲ್ಲ. "ಇದೇನ್ ಬೆಂಡು ಥರ ಐತೆ?" ಅಂತ ಬ್ಲಾಕಿಗೆ ಕರಣೆಯಿಂದ ಕುಟ್ಟಿದ್ರು, ಚೂರು ಉದುರಿತು. "ಭಾರ ಹೊರೋದು ಕಂಬ ಅಲ್ವಾ ಮೇಸ್ತ್ರಿ, ಗೋಡೆ ಬರೀ ಮರೆಗೆ" ಅಂದ್ವಿ. ಅದಕ್ಕೆ ಅವರು, "ಭಾರ ಕಂಬ ಹೊರುತ್ತೆ ಇಂಜಿನಿಯರಮ್ಮ. ಮಳೆ ಯಾರು ಹೊರ್ತಾರೆ?"

ನಾವು ನಕ್ಕು ಬಿಟ್ವಿ. ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಅರ್ಧ ಗಂಟೆ ಸಾಕಾಗ್ತಿತ್ತು. ನೈಋತ್ಯ ಮಳೆಗಾಲದ ಗಾಳಿ ಬೀಸೋದು ಪಶ್ಚಿಮದ ಕಡೆಯಿಂದಲೇ. ಬಿಸಿಲು ಬಡಿಯೋ ಗೋಡೆಗೇ ಜೂನ್‌ನಿಂದ ಇರಚಲೂ ಬಡಿಯುತ್ತೆ. ಗಾಳಿಗುಳ್ಳೆ ಇರೋ ಬ್ಲಾಕು ನೀರನ್ನೂ ಹೀರುತ್ತೆ. ಆಮೇಲೆ ಒಂದು ದಿನ ಕಾಲು ಬ್ಲಾಕನ್ನು ಬಕೆಟಲ್ಲಿ ರಾತ್ರಿಯಿಡೀ ಮುಳುಗಿಸಿ ಅಂಗಡಿ ತಕ್ಕಡೀಲಿ ತೂಗಿದ್ವಿ. ಮೂರೂವರೆ ಕೆಜಿ ಇದ್ದದ್ದು ಐದಾಗಿತ್ತು. ಆದ್ರೆ ಅದು ಆಮೇಲೆ.

ಅಜ್ಜಿ ಮಾತ್ರ ಬೇರೆಯೇ ಕೇಳಿದ್ರು: "ಮಣ್ಣಿನ ಗೋಡೆ ಹಾಕ್ಸಕ್ಕೆ ಆಗಲ್ವಾ?" ಅಜ್ಜಿ ಹುಟ್ಟಿ ಬೆಳೆದದ್ದು ತೂಬಗೆರೆ ಕಡೆ ಹಳ್ಳೀಲಿ. ಆ ಮನೆ ಅರ್ಧ ಬಿದ್ದಿದೆ, ಆದ್ರೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಇನ್ನೂ ನಿಂತಿದೆ. ಹೋಗಿ ಟೇಪ್ ಹಿಡಿದು ಅಳೆದು ಬಂದ್ವಿ. ನಮ್ಮ ಸೂತ್ರಕ್ಕೆ ಹಾಕಿದ್ರೆ ಯು-ವ್ಯಾಲ್ಯೂ 1.3 ಬಂತು, ಎಎಸಿಗಿಂತ ಕಳಪೆ. ಆದ್ರೆ ಮಾರ್ಚ್ ಮಧ್ಯಾಹ್ನ ಒಳಗೆ ಕಾಲಿಟ್ರೆ ತಣ್ಣಗಿತ್ತು. ಕಾರಣ ದಪ್ಪ. ಅಷ್ಟು ಮಣ್ಣು ಬಿಸಿಯಾಗಿ ಶಾಖ ಒಳಮುಖಕ್ಕೆ ಬರೋಷ್ಟರಲ್ಲಿ ರಾತ್ರಿ ಆಗಿರುತ್ತೆ, ನಮ್ಮ ಕಡೆ ರಾತ್ರಿ ಹೊರಗೆ 22ಕ್ಕೆ ಇಳಿದಿರುತ್ತೆ, ಕಿಟಕಿ ತೆಗೆದ್ರೆ ಸರಿಹೋಯ್ತು. ಯು-ವ್ಯಾಲ್ಯೂ ಒಂದೇ ನೋಡಿದ್ರೆ ಈ ನಿಧಾನ ಕಾಣೋದೇ ಇಲ್ಲ.

ಹೊಸ ಕಾಲದ ಮಣ್ಣಿನ ಬ್ಲಾಕ್ ಬಗ್ಗೆ ಕಾಲೇಜಲ್ಲಿ ಒಬ್ಬ ಸರ್ ಹೇಳಿದ್ರು. ಬೆಂಗಳೂರಿನ ಐಐಎಸ್ಸಿಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ 'ಅಸ್ತ್ರ' ಅನ್ನೋ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕುಣಿಗಲ್ ತಾಲ್ಲೂಕಿನ ಉಂಗ್ರ ಅನ್ನೋ ಹಳ್ಳೀಲಿ ಅದರ ವಿಸ್ತರಣಾ ಕೇಂದ್ರ ಇತ್ತು. ಜರಡಿ ಹಿಡಿದ ಕೆಂಪು ಮಣ್ಣಿಗೆ ಮರಳು, ನೂರಕ್ಕೆ ಏಳರಷ್ಟು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದರೆ ಬ್ಲಾಕ್ ಸಿದ್ಧ, ಸುಡೋದೇ ಬೇಡ. ಬೆಂಗಳೂರಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಅಜ್ಜಿಗೆ ಕೇಳಿ ಖುಷಿಯಾಯ್ತು. ಆದ್ರೆ ಅದನ್ನು ಒತ್ತಿ, ಪೇರಿಸಿಟ್ಟು, ಮೂರು ನಾಲ್ಕು ವಾರ ಒದ್ದೆ ಇಟ್ಟು ಕಾಯಬೇಕು. ನಮ್ಮ ಸೈಟಲ್ಲಿ ಕಂಬಿ ಇಡೋಕೇ ಜಾಗ ಇರಲಿಲ್ಲ, ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಬಡ್ಡಿ ಎರಡೂ ಓಡ್ತಿತ್ತು, ನೀರು ಟ್ಯಾಂಕರಿನದು. ಕೈಬಿಟ್ವಿ. ಅದರ ಬಗ್ಗೆ ಈಗಲೂ ಸ್ವಲ್ಪ ಬೇಜಾರಿದೆ.

ಬ್ಲಾಕ್ ಡೀಲರ್ ಒಬ್ಬರು ಇನ್ನೊಂದು ಆಸೆ ತೋರಿಸಿದ್ರು. ಗೋಡೆ ಹೊರಗೆ ಎರಡಿಂಚು ಥರ್ಮೋಕೋಲ್ ಹಾಳೆ ಅಂಟಿಸಿ, ಜಾಲರಿ ಹೊದಿಸಿ, ಮೇಲೆ ತೆಳುವಾಗಿ ಗಿಲಾವು ಮಾಡೋದು. ಯುರೋಪಲ್ಲಿ ಎಲ್ಲ ಹಾಗೇ ಅಂತೆ. ಲೆಕ್ಕ ಹಾಕಿದ್ವಿ: ಎಎಸಿ ಮೇಲೆ ಅದನ್ನೂ ಹಾಕಿದ್ರೆ 100 ವ್ಯಾಟ್ ಇದ್ದದ್ದು 50 ಆಗುತ್ತೆ. 400ರಿಂದ 100ಕ್ಕೆ ಇಳಿದದ್ದು ದೊಡ್ಡ ಲಾಭ. ಅಲ್ಲಿಂದ ಮುಂದೆ ಒಂದು ಹಳೇ ಬಲ್ಬಿನಷ್ಟು. ಅವರ ಊರಲ್ಲಿ ತಿಂಗಳುಗಟ್ಟಲೆ ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ, ಹಗಲೂ ರಾತ್ರಿ ಹೀಟರ್. ಅಲ್ಲಿ ಆ ಐವತ್ತಕ್ಕೂ ಬೆಲೆ ಇದೆ. ನಮಗೆ ತೊಂದರೆ ವರ್ಷಕ್ಕೆ ಮೂರು ತಿಂಗಳು, ದಿನಕ್ಕೆ ಐದು ಗಂಟೆ. ಬೇಡ ಅಂದ್ವಿ. ಇಷ್ಟು ಬುದ್ಧಿ ಇದ್ದವರು ತಾರಸಿ ಕಡೆ ಯಾಕೆ ನೋಡಲಿಲ್ಲವೋ ಗೊತ್ತಿಲ್ಲ. ಅದೇ ರೂಮಿನ ಮೇಲೆ ಐದಿಂಚು ಕಾಂಕ್ರೀಟ್ ಮೋಲ್ಡು, ಯು-ವ್ಯಾಲ್ಯೂ 4ರ ಹತ್ತಿರ. ಇಡೀ ದಿನ ಸೂರ್ಯ ಅದರ ಮೇಲೇ ಇರ್ತಾನೆ. 20 ಡಿಗ್ರಿ ವ್ಯತ್ಯಾಸಕ್ಕೆ 700 ವ್ಯಾಟ್! ಗೋಡೆಯಲ್ಲಿ ಉಳಿಸಿದ್ದರ ಎರಡರಷ್ಟು ಮೇಲಿಂದ ಸುರೀತಿತ್ತು. ಕೇಂದ್ರ ಸರ್ಕಾರದ 'ಇಕೋ ನಿವಾಸ ಸಂಹಿತೆ 2018' ಅಂತ ಒಂದು ನಿಯಮಾವಳಿ ಇದೆ, ಅದರಲ್ಲಿ ತಾರಸಿಗೆ 1.2 ದಾಟಬಾರದು ಅಂತಿದೆ. ಆದ್ರೆ ಅದು 500 ಚದರ ಮೀಟರ್ ಮತ್ತು ಮೇಲ್ಪಟ್ಟ ನಿವೇಶನಗಳಿಗೆ. ನಮ್ಮದು 111. ನಮ್ಮಂಥ ಸೈಟಿನವರಿಗೆ ಹೇಳೋರು ಕೇಳೋರು ಇಲ್ಲ.

ಇನ್ನೊಂದು ದಂಡ: ದಕ್ಷಿಣಕ್ಕೆ ಪಕ್ಕದ ಮನೆ ಮೂರಡಿ ದೂರದಲ್ಲಿ ಎರಡಂತಸ್ತು ನಿಂತಿದೆ. ಆ ಗೋಡೆಗೆ ಬಿಸಿಲೇ ಬೀಳಲ್ಲ. ಅಲ್ಲಿಗೂ ಎಂಟಿಂಚು ಎಎಸಿ ಹಾಕಿಸಿದ್ವಿ. ಆ ದುಡ್ಡು ತಾರಸಿಗೆ ಆಗ್ತಿತ್ತು.

ಮಾರ್ಚಲ್ಲಿ ಗೋಡೆ ಎದ್ದಿತು. ಮೇಸ್ತ್ರಿ ಮೊದಲ ದಿನ ಇಟ್ಟಿಗೆ ನೆನೆಸಿದ ಹಾಗೆ ಬ್ಲಾಕನ್ನೂ ತೊಟ್ಟೀಲಿ ಮುಳುಗಿಸಿದ್ರು. ಬೇಡ, ಮೇಲೆ ನೀರು ಚಿಮುಕಿಸಿದ್ರೆ ಸಾಕು ಅಂತ ಪಾಂಪ್ಲೆಟ್ ಓದಿ ಹೇಳಿದ್ವಿ. ಅದು ಪೂರ್ತಿ ಇಂಗ್ಲಿಷಲ್ಲಿತ್ತು. ಆ ಸೈಟಲ್ಲಿ ಅದನ್ನು ಓದೋಕೆ ಬರ್ತಿದ್ದವರು ಒಬ್ಬರೇ. ಇದನ್ನು ನೆನಪಿಟ್ಟುಕೊಳ್ಳಿ.

ಪ್ಲಾಸ್ಟರಿಂಗ್ ಹೊತ್ತಿಗೆ ದುಡ್ಡು ತಳ ಕಂಡಿತ್ತು. ಮೇಸ್ತ್ರಿ ಪಟ್ಟಿ ಕೊಟ್ರು, ಅದರಲ್ಲಿ ಚಿಕನ್ ಮೆಶ್ ಅಂತ ಇತ್ತು. ಕಾಂಕ್ರೀಟ್ ಕಂಬಕ್ಕೂ ಬ್ಲಾಕಿಗೂ ಕೂಡೋ ಕಡೆಯೆಲ್ಲ ಅಗಲವಾಗಿ ಜಾಲರಿ ಬಡಿದು ಆಮೇಲೆ ಗಾರೆ ಮೆತ್ತಬೇಕು ಅಂದ್ರು. ಅಪ್ಪ ನಮ್ಮ ಕಡೆ ನೋಡಿದ್ರು. "ಜಾಲರಿಯಿಂದ ಶಾಖಕ್ಕೇನೂ ಆಗಲ್ಲ" ಅಂದ್ವಿ. ಅದು ನಿಜವೇ, ಸುಳ್ಳಲ್ಲ. ಮೆಶ್ ಕಟ್ ಆಯ್ತು. ಆಮೇಲೆ ಮೇಸ್ತ್ರಿ ಹೊರಗೋಡೆಗೆ ಒಂದಕ್ಕೆ ಆರು ಕಲಸೋಕೆ ಹೊರಟಿದ್ರು. ಮಳೆ ಮಾತು ಎತ್ತಿದ್ದವರು ನೀವೇ ಅಲ್ವಾ ಅಂತ, ಪಶ್ಚಿಮದ ಗೋಡೆಗೆ ಒಂದಕ್ಕೆ ನಾಲ್ಕು ಹಾಕಿ, ಸಿಮೆಂಟ್ ಜಾಸ್ತಿ ಇದ್ರೆ ಗಟ್ಟಿ ಇರುತ್ತೆ ಅಂದ್ವಿ. ಮೇಸ್ತ್ರಿ ಒಂದು ಕ್ಷಣ ಸುಮ್ಮನಿದ್ರು. ಓದಿದೋರು ಹೇಳ್ತಾವ್ರೆ ಅಂತ ಕಲಸಿದ್ರು. ಮೇ ತಿಂಗಳ ಬಿಸಿಲು, ಟ್ಯಾಂಕರ್ ನೀರು, ದಿನಕ್ಕೆ ಎರಡೇ ಸಲ ನೀರು ಹೊಡೆದದ್ದು.

ಆಷಾಢಕ್ಕೆ ಮುಂಚೆ ಗೃಹಪ್ರವೇಶ ಆಯ್ತು. ಅಜ್ಜಿ ಮಂಚ ಪಶ್ಚಿಮದ ಗೋಡೆಗೆ ಒರಗಿಸಿದ್ವಿ. ಮಧ್ಯಾಹ್ನ ಗೋಡೆಗೆ ಕೈ ಇಟ್ಟು "ತಣ್ಣಗೈತೆ ಕಣೋ" ಅಂತ ಅಜ್ಜಿ ಅಪ್ಪಂಗೆ ಹೇಳಿದ್ದು ಕೇಳಿ, ಕ್ಯಾಲೆಂಡರ್ ಹಾಳೆಯನ್ನ ಫ್ರೇಮ್ ಹಾಕಿಸಬೇಕು ಅನ್ನಿಸಿತ್ತು.

ಆಗಸ್ಟಲ್ಲಿ ಒಂದು ಗೆರೆ ಕಾಣಿಸ್ತು. ಕಂಬ ಇರೋ ಜಾಗಕ್ಕೆ ಸರಿಯಾಗಿ, ಸ್ಕೇಲಿಟ್ಟು ಎಳೆದ ಹಾಗೆ, ಮೇಲಿಂದ ಕೆಳಕ್ಕೆ. ಆಮೇಲೆ ಗೋಡೆ ನಡುವೆ ಜೇಡರಬಲೆ ಥರ ಸಣ್ಣ ಸಣ್ಣ ಬಿರುಕು. ಸೆಪ್ಟೆಂಬರ್ ಮಳೆಗೆ ಒಳಗಿನ ಪೇಂಟ್ ಉಬ್ಬಿತು. ಅಕ್ಟೋಬರ್ ಹೊತ್ತಿಗೆ ಮಂಚದ ತಲೆ ಕಡೆ ಒಂದು ತಟ್ಟೆಯಷ್ಟು ಅಗಲ ಕಪ್ಪು ಬೂಷ್ಟು. ಅಜ್ಜಿ ಹೇಳಲೇ ಇಲ್ಲ. ದಿಂಬನ್ನ ಇನ್ನೊಂದು ಕಡೆಗೆ ಇಟ್ಟುಕೊಂಡು ಮಲಗ್ತಿದ್ರು. ಒಂದು ರಾತ್ರಿ ಉಬ್ಬಸ ಜೋರಾಗಿ, ಅಪ್ಪ ಆಟೋದಲ್ಲಿ ಕೂರಿಸ್ಕೊಂಡು ದೊಡ್ಡಬಳ್ಳಾಪುರಕ್ಕೆ ಹೋಗಿ, ನೆಬ್ಯುಲೈಸರ್ ಹಾಕಿಸ್ಕೊಂಡು ಬೆಳಗಿನ ಜಾವ ನಾಲ್ಕಕ್ಕೆ ವಾಪಸ್ ಬಂದ್ರು. "ಮನೇಲಿ ತೇವ ಇದೆಯಾ?" ಅಂತ ಡಾಕ್ಟರ್ ಕೇಳಿದ್ರಂತೆ.

ಶಾಖ ತಡೆಯೋಕೆ ಹೋಗಿ ತೇವ ಒಳಗೆ ಬಿಟ್ಟುಕೊಂಡಿದ್ವಿ.

ಆ ವಾರ ಹಾಸ್ಟೆಲಿಂದ ಬಂದು ಪಾಂಪ್ಲೆಟ್ ಹುಡುಕಿ ಪೂರ್ತಿ ಓದಿದ್ವಿ. ಮೂರನೇ ಪುಟದಲ್ಲಿ ಕಂಬದ ಸಂದಿಗೆ ಜಾಲರಿ ಕಡ್ಡಾಯ ಅಂತಿತ್ತು. ಅದರ ಕೆಳಗೇ ಪ್ಲಾಸ್ಟರ್ ಒಂದಕ್ಕೆ ಆರು. ಎರಡನೇ ಪುಟದ ಯು-ವ್ಯಾಲ್ಯೂ ಟೇಬಲ್ ಸಿಕ್ಕಿದ ಮೇಲೆ ಮುಂದೆ ಓದಿರಲೇ ಇಲ್ಲ. ಕಾರಣ ಈಗ ಬಾಯಿಪಾಠ ಬರುತ್ತೆ. ಎಎಸಿ ಒಣಗ್ತಾ ಚೂರು ಕುಗ್ಗುತ್ತೆ, ಪಕ್ಕದ ಕಾಂಕ್ರೀಟ್ ಕಂಬ ಅದೇ ಲೆಕ್ಕದಲ್ಲಿ ಕುಗ್ಗಲ್ಲ. ಬಿಸಿಲಿಗೂ ಎರಡೂ ಒಂದೇ ಥರ ಹಿಗ್ಗಲ್ಲ. ಸಂದಿಯಲ್ಲಿ ಎಳೆತ. ಅದನ್ನು ಹಿಡಿದು ಹಂಚೋದಕ್ಕೇ ಜಾಲರಿ. ಇನ್ನು ಸಿಮೆಂಟ್ ಜಾಸ್ತಿ ಇದ್ದಷ್ಟೂ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತೆ, ಬಗ್ಗೋದೂ ಇಲ್ಲ. ಮೆದು ಬ್ಲಾಕಿನ ಮೇಲೆ ಅಷ್ಟು ಗಡಸು ಗಾರೆ ಕೂತ್ರೆ ಬಿಟ್ಟುಕೊಂಡು ಸೀಳುತ್ತೆ. ಸೀಳಿದ್ರಲ್ಲಿ ಹೋದ ನೀರು ಹಿಂದಿನ ಬ್ಲಾಕಿಗೆ ಇಳಿದು ಕೂತಿರುತ್ತೆ, ಮುಂದೆ ಗಟ್ಟಿ ಸಿಮೆಂಟ್ ಇರೋದ್ರಿಂದ ಬೇಗ ಆರೋದೂ ಇಲ್ಲ. ಒದ್ದೆ ಬ್ಲಾಕಿನ ಗಾಳಿಗುಳ್ಳೆಯಲ್ಲಿ ಗಾಳಿ ಇರಲ್ಲ, ನೀರಿರುತ್ತೆ, ಆಗ ಆ 0.75 ಕೂಡ 0.75 ಅಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಿದಾಗ, "ಅದಕ್ಕೇ ಮಣ್ಣಿನ ಗೋಡೆಗೆ ಮಣ್ಣೇ ಬಳೀತಿದ್ವಿ, ವರ್ಷಾ ವರ್ಷಾ ಸಗಣಿ ಸಾರಿಸ್ತಿದ್ವಿ" ಅಂದ್ರು. ಆಮೇಲೆ ಮೇಲೆ ನೋಡಿ, "ಈ ಮನೆಗೆ ಸೂರೇ ಇಲ್ವಲ್ಲ" ಅಂದ್ರು.

ನಮಗೆ ಸೂರು ಅಂದ್ರೆ ಮನೆ ಅಂತ ಮಾತ್ರ ಗೊತ್ತಿತ್ತು, "ತಲೆ ಮೇಲೊಂದು ಸೂರು" ಅಂತಾರಲ್ಲ. ಗೋಡೆಯಿಂದ ಆಚೆಗೆ ಚಾಚಿಕೊಂಡು ಇಳಿದಿರೋ ಮಾಡಿನ ಅಂಚೇ ಸೂರು ಅಂತ ಅವತ್ತು ತಿಳೀತು. ತೂಬಗೆರೆ ಕಡೆಯ ಆ ಮನೆಗೆ ಎರಡೂವರೆ ಅಡಿ ಸೂರಿದೆ. ಅಷ್ಟು ವರ್ಷದ ಮಳೆ ಮಣ್ಣಿನ ಗೋಡೆಗೆ ತಾಗಿಯೇ ಇಲ್ಲ. ಸೂರು ಬಿದ್ದ ಕಡೆ ಗೋಡೆಯೂ ಕರಗಿದೆ, ಅದನ್ನು ನಾವೇ ಟೇಪ್ ಹಿಡಿದು ನಿಂತು ನೋಡಿ, ದಪ್ಪ ಮಾತ್ರ ಬರ್ಕೊಂಡು ಬಂದಿದ್ವಿ. ನಮ್ಮ ಹೊಸ ಮನೆ 'ಮಾಡರ್ನ್ ಎಲಿವೇಶನ್', ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ. ಹಾಗೇನೇ ಕಟ್ಟೋ ಕೆಲಸಕ್ಕೆ ಇವತ್ತಿಗೂ ಗಾರೆ ಕೆಲಸ ಅಂತಾರೆ, ಸುಣ್ಣದ ಗಾರೆ ಹೋಗಿ ಎಷ್ಟೋ ಕಾಲವಾದ್ರೂ. ಅದೂ ಸಿಮೆಂಟಿಗಿಂತ ಮೆದು, ಗೋಡೆ ಅಲುಗಿದ್ರೆ ಜೊತೆಗೆ ಅಲುಗ್ತಿತ್ತು.

ಮೇಸ್ತ್ರೀನ ಕರೆಸೋಕೆ ನಾಚಿಕೆ ಆಗ್ತಿತ್ತು. ಅಪ್ಪ ಫೋನ್ ಮಾಡಿದ್ರು. ಅವರು ಬಂದು ಗೋಡೆ ನೋಡಿ, ಬೆರಳಲ್ಲಿ ತಟ್ಟಿ ಎಲ್ಲೆಲ್ಲಿ ಟೊಳ್ಳಾಗಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ರು. ನಾವು ಬಾಗಿಲ ಹತ್ತಿರ ನಿಂತಿದ್ವಿ. ಏನಾದರೂ ಅನ್ನಲಿ ಅಂತಲೇ ಕಾಯ್ತಿದ್ವಿ, ಅಂದುಬಿಟ್ರೆ ಮುಗಿದುಹೋಗುತ್ತಲ್ಲ. ಅಪ್ಪ ಹೇಳಿದ್ದು ಇಷ್ಟೇ: "ನಾವು ಅವತ್ತು ಮೆಶ್ ಬೇಡ ಅಂದ್ಬಿಟ್ವಿ ಮೇಸ್ತ್ರಿ."

ಮೇಸ್ತ್ರಿ "ನಾನೂ ಜೋರು ಮಾಡಿ ಹೇಳ್ಬೇಕಿತ್ತು ಬಿಡಿ" ಅಂದ್ರು.

ಜನವರಿವರೆಗೆ ಒಣಗೋಕೆ ಬಿಟ್ವಿ. ಆಮೇಲೆ ಸಾರುವೆ ಕಟ್ಟಿ, ಟೊಳ್ಳು ಇದ್ದ ಕಡೆಯೆಲ್ಲ ಪ್ಲಾಸ್ಟರ್ ಕೆತ್ತಿ, ಸಂದಿ ಉದ್ದಕ್ಕೂ ಎರಡೂ ಕಡೆ ಆರಾರಿಂಚು ಹಾಯೋ ಹಾಗೆ ಮೆಶ್ ಬಡಿದು, ಒಂದಕ್ಕೆ ಆರರ ಗಾರೆ ಎರಡು ಪದರದಲ್ಲಿ ಹಾಕಿದ್ವಿ. ಮೊದಲ ಪದರ ಒರಟಾಗಿ, ಅದು ಕುಗ್ಗೋದೆಲ್ಲ ಕುಗ್ಗಿದ ಮೇಲೆ ಎರಡನೇದು. ಹತ್ತು ದಿನ ಗೋಣಿಚೀಲ ಇಳಿಬಿಟ್ಟು ನೀರು ಹೊಡೆದದ್ದು ಅಮ್ಮ, ನೈಟ್ ಶಿಫ್ಟ್ ಮುಗಿಸಿ ಬಂದು. ಮೇಲೆ ಕಬ್ಬಿಣದ ಆಂಗಲ್ ಕೂರಿಸಿ ಎರಡಡಿ ಶೀಟಿನ ಸೂರು ಹಾಕಿಸಿದ್ವಿ. ಮಾಡರ್ನ್ ಎಲಿವೇಶನ್ ಹೋಯ್ತು. ತಾರಸಿಗೆ ಎರಡು ಕೋಟು ಬಿಳೀ ಸುಣ್ಣ ನಾವೇ ಹೊಡೆದ್ವಿ. ಈ ಏಪ್ರಿಲ್‌ನಲ್ಲಿ ಸುಣ್ಣಕ್ಕೆ ಮುಂಚೆ ಅಜ್ಜಿ ರೂಮು ಮಧ್ಯಾಹ್ನ ನಾಲ್ಕಕ್ಕೆ 33 ತೋರಿಸ್ತಿತ್ತು, ಆಮೇಲೆ 31. ಎರಡು ದಿನದ ಹವಾ ಒಂದೇ ಆಗಿತ್ತಾ ಅಂತ ಲ್ಯಾಬ್ ಸರ್ ಕೇಳಿದ್ರೆ ಉತ್ತರ ಇಲ್ಲ.

ಹೋದ ವಾರ ಮೇಸ್ತ್ರಿ ಫೋನ್ ಮಾಡಿದ್ರು. ಮಜರಾಹೊಸಹಳ್ಳಿ ಕಡೆ ಯಾರೋ ಎಎಸಿ ಹಾಕಿಸ್ತಾರಂತೆ. "ಇಂಜಿನಿಯರಮ್ಮ, ಆ ಪಾಂಪ್ಲೆಟ್ ಇನ್ನೂ ಐತಾ? ಅದರಲ್ಲಿರೋದನ್ನ ಕನ್ನಡದಲ್ಲಿ ಬರ್ದು ವಾಟ್ಸಾಪ್ ಮಾಡ್ಬಿಡಮ್ಮ." ನಾಲ್ಕು ಪುಟ ಇತ್ತು. ಅಜ್ಜಿ ಮಂಚದ ಮೇಲೇ ಕೂತು ಬರೆದು ಕಳಿಸಿದ್ವಿ, ಮೂರನೇ ಪುಟ ಮೊದಲು.